ಒಂಬೈನೂರರ ತಪ್ಪು

"ನಿಮ್ಮಿಂದ ನನ್ನ ಮರ್ಯಾದಿ ಹೋಯ್ತ್ರೀ ಮೇಡಂ!"

ಬಾಗಿಲಲ್ಲಿ ನಿಂತವನ ಗಡಸು ದನಿಗೆ ಕಲಬುರಗಿಯ ಜೇವರ್ಗಿ ಕಾಲೋನಿಯ ಆ ಕಂಪ್ಯೂಟರ್ ಕ್ಲಾಸು ಒಮ್ಮೆಲೇ ಸ್ತಬ್ಧವಾಯಿತು. ಬೋರ್ಡಿನ ಮೇಲೆ ಬರೆಯುತ್ತಿದ್ದ ಪಂಚಶೀಲಾ ಬೆಚ್ಚಿ ತಿರುಗಿದಳು.

ಯಾರಿವನು? ರೆಪ್ಪೆಯ ಮೇಲೆಲ್ಲ ಕಲ್ಲಿನ ಪುಡಿ... ನಿದ್ದೆಯಿಲ್ಲದ ಕೆಂಪು ಕಣ್ಣು...

"ನಾನು ಕುನಾಲ ಅಂತ್ರೀ. ಕಮಲಾಪುರದಾಗ ಕಲ್ಲಿನ ಮ್ಯಾಲ ಅಕ್ಷರ ಕೆತ್ತತೀನಿ." ಅವನು ಮೊಬೈಲನ್ನು ಅವಳ ಮುಂದೆ ಹಿಡಿದ. "ನಮ್ಮೂರ ಸಾಲಿಗೆ ಐವತ್ತು ವರ್ಷ ಆಗ್ಯಾದ. ಶುರುವಾದ ಇಸವಿ ರೋಮನ್ ಅಂಕಿಯೊಳಗ ಬೇಕಂದ್ರು. ನಿಮ್ಮ ಕ್ಲಾಸಿನ ವೆಬ್‌ಸೈಟಿನಾಗ 1974 ಹಾಕಿದೆ. ಅದು ತೋರಿಸಿದ್ದೇ ಕೆತ್ತೀನಿ. ಈಗ ಸಾಲಿ ಗುರುಗಳು ನೋಡಿ ಪೂರಾ ಗಲತ್ ಅಂದ್ರು!"

ಫೋಟೋದಲ್ಲಿ ಕಪ್ಪು ಕಲ್ಲು. ಅದರ ಮೇಲೆ ಮುತ್ತಿನಂಥ ಅಕ್ಷರಗಳು: MDCCCCLXXIV.

ಅಂಕಿ ಹಾಕಿದರೆ ರೋಮನ್ ರೂಪ ತೋರಿಸುವ ಆ ಪುಟ್ಟ ಪ್ರೋಗ್ರಾಂ ಪಂಚಶೀಲಾಳದೇ. ಎರಡು ವಾರ ಕೂತು ಬರೆದದ್ದು. ಇಪ್ಪತ್ತು ಮಕ್ಕಳ ಮುಂದೆ ಅದನ್ನು ತಪ್ಪು ಅಂದರೆ?

ಅವಳು ಅಲ್ಲೇ 1974 ಎಂದು ಒತ್ತಿದಳು. ಪರದೆಯ ಮೇಲೆ MCMLXXIV ಮೂಡಿತು.

"ನೋಡ್ರಿ. ಇದು ಸರಿನೇ ಹೇಳ್ಯಾದ. ನಿಮ್ಮ ಕೈ ತಪ್ಪ್ಯಾದ," ಎಂದಳು.

ಮಕ್ಕಳು ಕಿಸಕ್ಕನೆ ನಕ್ಕರು.

ಕುನಾಲ ಪರದೆಯನ್ನೇ ನೋಡಿದ. ಆಮೇಲೆ ತನ್ನ ಅಂಗೈಗಳನ್ನು ನೋಡಿಕೊಂಡ. ಮುಖದ ಸಿಟ್ಟೆಲ್ಲ ಇಳಿದುಹೋಗಿತ್ತು.

"ಹಂಗಾದ್ರ... ನಂದೇ ತಪ್ಪಿರಬೇಕು. ಮಾಫ್ ಮಾಡ್ರಿ."

ಅವನು ಹೋದ. ಆದರೆ ಅವಳ ಎದೆಯಲ್ಲೇನೋ ಚುಚ್ಚತೊಡಗಿತು...

ಅವಸರದಲ್ಲಿ ಒಂದು ಅಕ್ಷರ ಬಿಟ್ಟುಹೋಗಬಹುದು. ಇಲ್ಲದ D, ಸಾಲಾಗಿ ನಾಲ್ಕು C ಎಲ್ಲಿಂದ ಬಂದವು?

ಕ್ಲಾಸು ಮುಗಿದ ಕೂಡಲೇ ಅವಳು ಪ್ರೋಗ್ರಾಮಿನ ಹಳೆಯ ಪ್ರತಿ ತೆರೆದಳು. ನಾನೂರಕ್ಕೆ CD, ಒಂಬೈನೂರಕ್ಕೆ CM ಎಂದು ಹೇಳುವ ಸಾಲುಗಳೇ ಅದರಲ್ಲಿರಲಿಲ್ಲ! ಹನ್ನೊಂದು ದಿನದ ಹಿಂದೆ ಸಿದ್ರಾ ಎಂಬ ವಿದ್ಯಾರ್ಥಿನಿ ತೋರಿಸಿಕೊಟ್ಟಾಗ ತಾನೇ ಸದ್ದಿಲ್ಲದೆ ಆ ಸಾಲುಗಳನ್ನು ಸೇರಿಸಿದ್ದಳು. ಒಂದೇ ನಿಮಿಷದ ಕೆಲಸ. ಮರೆತೂಬಿಟ್ಟಿದ್ದಳು. ಕುನಾಲ ಅದಕ್ಕೂ ಮೊದಲೇ ಇಸವಿ ನೋಡಿಕೊಂಡಿರಬೇಕು.

ತಪ್ಪು ನನ್ನದು... ಮೇಲಾಗಿ ಎಲ್ಲರ ಮುಂದೆ ನಗೆಪಾಟಲು ಮಾಡಿ ಕಳಿಸಿದೆ!

ಸುಮ್ಮನಿದ್ದರೆ ಯಾರಿಗೂ ತಿಳಿಯುವುದಿಲ್ಲ. ಹೇಳಿದರೆ ಕ್ಲಾಸಿನವರು ಕೆಲಸದಿಂದ ತೆಗೆಯಬಹುದು. ಅಂದು ಅವಳಿಗೆ ಊಟ ಸೇರಲಿಲ್ಲ.

ಮರುದಿನ ಬೆಳಗಿನ ಬಸ್ಸಿಗೇ ಕಮಲಾಪುರಕ್ಕೆ ಹೊರಟಳು. ಬೈದರೆ? ಮುಖವನ್ನೇ ನೋಡದಿದ್ದರೆ? ಎರಡು ಸಲ ನಡುದಾರಿಯಲ್ಲೇ ಇಳಿದುಬಿಡೋಣ ಅನ್ನಿಸಿತು.

ಶಾಲೆಯ ಅಂಗಳದಲ್ಲಿ ಕುನಾಲ ಹೊಸ ಕಲ್ಲಿನ ಮುಂದೆ ಕೂತಿದ್ದ. ಉಳಿ ನೆಲದ ಮೇಲಿತ್ತು. ಒಂದು ಅಕ್ಷರವೂ ಕೆತ್ತಿರಲಿಲ್ಲ. ಮುಖ್ಯ ಗುರುಗಳಾದ ಕಲ್ಯಾಣಪ್ಪ ಅವನ ಪಕ್ಕ ನಿಂತು ಹೇಳುತ್ತಿದ್ದರು, "ರವಿವಾರ ಕಾರ್ಯಕ್ರಮ ಅದ ಕುನಾಲ. ನಿನ್ನ ಕೈಲಿ ಆಗಲ್ಲಂದ್ರ ಹೇಳಿಬಿಡು, ಬ್ಯಾರೆಯವರಿಗೆ ಕೊಡ್ತೀವಿ."

"ಅವರ ತಪ್ಪಲ್ರೀ ಸರ್!"

ಇಬ್ಬರೂ ತಿರುಗಿದರು. ಗೇಟಿನಲ್ಲಿ ಪಂಚಶೀಲಾ ನಿಂತಿದ್ದಳು.

"ನನ್ನ ಪ್ರೋಗ್ರಾಂನೇ ತಪ್ಪಿತ್ತು. ಆಮ್ಯಾಲ ತಿದ್ದೀನಿ. ನಿನ್ನೆ ಇವರು ಬಂದಾಗ ನೆನಪಾಗಲಿಲ್ಲ. ಇವರು ಒಂದಕ್ಷರನೂ ತಪ್ಪಿಲ್ರೀ. ನಾ ಕೊಟ್ಟಿದ್ದನ್ನ ಕೊಟ್ಟಂಗೇ ಕೆತ್ಯಾರ."

ಕಲ್ಯಾಣಪ್ಪ ಅವಳನ್ನು ದಿಟ್ಟಿಸಿದರು. "ಇದನ್ನ ಹೇಳಾಕ ಕಲಬುರಗಿಯಿಂದ ಬಂದೀಯೇನವ್ವಾ?"

ಅವಳು ತಲೆಯಾಡಿಸಿದಳು. "ಹಂಗಿದ್ರ ನೀನೇ ಮುಗಿಸಪ್ಪ," ಎಂದು ಕುನಾಲನ ಭುಜ ತಟ್ಟಿ ಅವರು ಒಳಗೆ ಹೋದರು.

ಕುನಾಲ ಹೊಸ ಕಲ್ಲಿನ ಧೂಳು ಒರೆಸುತ್ತ ಕೂತ.

"ಏನಾರ ಅನ್ರಿ... ಬೇಕಾದ್ರ ಬೈರಿ," ಎಂದಳು. ಕಣ್ಣು ತುಂಬಿತ್ತು.

"ನಿನ್ನೆಯಿಂದ ಈ ಕೈ ಮ್ಯಾಲ ನನಗ ಭರೋಸಾನೇ ಹೋಗಿತ್ರೀ," ಎಂದ ಅವನು ಮೆಲ್ಲಗೆ. "ಉಳಿ ಹಿಡಿದ್ರ ನಡುಗತಿತ್ತು. ನೀವು ಬರದಿದ್ರ ನನಗ ಗೊತ್ತೇ ಆಗ್ತಿರಲಿಲ್ಲ."

"ನನಗ ಗೊತ್ತಿತ್ತಲ್ರೀ..."

ಅವನು ಮೊದಲ ಬಾರಿ ಅವಳನ್ನು ನೇರವಾಗಿ ನೋಡಿದ. ಉಳಿ ಎತ್ತಿಕೊಂಡ. "ಕೂಡ್ರಿ. ಒಂದೊಂದೇ ಅಕ್ಷರ ಹೇಳ್ರಿ."

ಅವಳು ಹೇಳಿದಳು. ಅವನು ಕೆತ್ತಿದ. ಸಂಜೆಯ ಬಸ್ಸು ಬರುವ ಹೊತ್ತಿಗೆ ಇಸವಿ ಮುಗಿದಿತ್ತು. ಅವನ ಕೈ ಒಮ್ಮೆಯೂ ನಡುಗಲಿಲ್ಲ.

ಅಲ್ಲಿಂದ ಅವನ ಮೆಸೇಜುಗಳು ಶುರುವಾದವು. ಮೊದಮೊದಲು ರೋಮನ್ ರೂಪ ಕೇಳಿ ಬರೀ ಅಂಕಿ, ಆಮೇಲೆ ಊಟ ಆಯ್ತಾ, ಆಮೇಲೆ ಅವನು ಕೆತ್ತಿದ ಕಲ್ಲುಗಳ ಫೋಟೋ. ಐದು ತಿಂಗಳು ಒಂದು ದಿನವೂ ತಪ್ಪಲಿಲ್ಲ. ಹೀಗಿರುವಾಗ ಒಮ್ಮೆ ಒಂಬತ್ತು ದಿನ ಸದ್ದೇ ಇಲ್ಲ! ಪಂಚಶೀಲಾ ಗಳಿಗೆಗೊಮ್ಮೆ ಫೋನ್ ನೋಡಿದಳು. ಬೇಜಾರಾಯಿತೇ? ಮೈಗೆ ಹುಷಾರಿಲ್ಲವೇ? ತಾನಾಗಿ ಕೇಳಲು ಧೈರ್ಯ ಸಾಲಲಿಲ್ಲ.

ಹತ್ತನೇ ದಿನ ಬಂತು: "ಕಲಬುರಗಿ ಕೋಟೆ ಹತ್ರ ಅದೀನಿ. ಬರ್ತೀರೇನ್ರಿ?"

ಕೋಟೆಯ ಗೋಡೆಗೊರಗಿ ನಿಂತಿದ್ದ ಕುನಾಲ ಅವಳ ಮುಖ ನೋಡಲಿಲ್ಲ.

"2025ಕ್ಕ ರೋಮನ್ ಅಂಕಿ ಏನ್ರೀ?"

"MMXXV. ಯಾವ ಕಲ್ಲಿಗೆ?"

"ಕಲ್ಲಿಗಲ್ಲ. ನನ್ನ ಲಗ್ನದ ಪತ್ರಿಕೆಗೆ."

ಲಗ್ನವೇ? ಒಂಬತ್ತು ದಿನ ಹೆಣ್ಣು ನೋಡುತ್ತಿದ್ದನೇ?

"ಛಲೋ ಆಯ್ತು... ಹುಡುಗಿ ಯಾರು?" ದನಿ ಒಡೆಯಿತು.

"ಅಕಿನ್ನ ಇನ್ನೂ ಕೇಳೇ ಇಲ್ರೀ. ಒಂಬತ್ತು ದಿನ ಹ್ಯಾಂಗ ಕೇಳಬೇಕಂತ ವಿಚಾರ ಮಾಡೀನಿ. ಇಲ್ಲ ಅಂದ್ರ ಅನ್ನೋ ಅಂಜಿಕಿ." ಅವನು ತಲೆಯೆತ್ತಿದ. "ಪಂಚಶೀಲಾ, ನನ್ನ ಲಗ್ನ ಆಗ್ತೀರೇನು?"

ತಡೆದಿದ್ದ ಅಳು ನಗುವಿನ ಜೊತೆಗೇ ಹೊರಬಂತು.

"ಒಂಬತ್ತು ದಿನ ನನ್ನ ಜೀವ ತಿಂದ್ರಲ್ರೀ!"

"ಹಂಗಾದ್ರ... ಹೂಂ ಅಂತೀರೇನು?"

"ಹೂಂರೀ," ಎಂದಳು, ಅವನ ಒರಟು ಅಂಗೈಯನ್ನು ಎರಡೂ ಕೈಯಲ್ಲಿ ಹಿಡಿದು. "ಮೊದಲು ನಮ್ಮವ್ವನ ಜೋಡಿ ಮಾತಾಡಬೇಕು. ಇವತ್ತೇ ಬರ್ತೀರೇನು?"

"ಈಗಿಂದೀಗಲೇ ನಡೀರಿ!"