ನಲವತ್ತು ಸಾವಿರ ಓದುಗರು

ಮಾಘದ ಬಿಸಿಲು ಏರುತ್ತಿತ್ತು. ಒಣಮೆಣಸಿನಕಾಯಿಯ ಕೋಠಿಯಲ್ಲಿ ಹೆಂಗಸರು ಬೆಳಗಿನಿಂದ ತೊಟ್ಟು ಮುರಿಯುತ್ತ ಕುಳಿತಿದ್ದರು. ಮೂಲೆಯಲ್ಲಿ, ತೂಕದ ಕಲ್ಲುಗಳ ಪಕ್ಕ, ಉಪ್ಪಿನ ಡಬ್ಬಿಯಷ್ಟಿದ್ದ ‘ಕಲಿಕೆಪೆಟ್ಟಿಗೆ’ ಹಸಿರು ದೀಪ ಮಿಟುಕಿಸುತ್ತಿತ್ತು.

ಕೂಲಿ ಹುಡುಕುವುದಕ್ಕೂ ಜಾಲಪುಟ ಬೇಕಾಗಿದ್ದ ಕಾಲವದು. ಪುಟ ಕಟ್ಟುವುದನ್ನು ಹೊಸದಾಗಿ ಕಲಿಯುವವರಿಗೆಂದು ವಿಜ್ಞಾನಿ ವತ್ಸಲಾ ಈ ಪೆಟ್ಟಿಗೆಯನ್ನು ರೂಪಿಸಿದ್ದರು. ಊಟದ ಬಿಡುವಿನಲ್ಲಿ ಹೆಂಗಸರು ಮೊಬೈಲಿನಲ್ಲಿ ಬರೆದ ಸಂಕೇತಸಾಲುಗಳನ್ನು ಅದು ಓದಿ, ಪುಟವಾಗಿ ಜೋಡಿಸಿ, ಕೇಳಿದವರ ಪರದೆಗೆ ಬಡಿಸುತ್ತಿತ್ತು. ತಪ್ಪಾದರೆ ಎಷ್ಟನೆಯ ಸಾಲಿನಲ್ಲೆಂದು ಹೇಳುತ್ತಿತ್ತು. ಎಷ್ಟು ಜನ ಓದಿದರು, ಏನೆಂದರು ಎಂಬುದೂ ಪುಟದ ಕೆಳಗೆ ಮೂಡುತ್ತಿತ್ತು.

ಉಳಿದವರು ರಂಗೋಲಿಯ ಪುಟ, ಎಮ್ಮೆಯ ಪುಟ ಕಟ್ಟಿದರು. ದುಂಡವ್ವ ಕಟ್ಟಿದ್ದು, ಮೆಣಸಿನಕಾಯಿಗೆ ದರ್ಜೆ ಕಟ್ಟುತ್ತ ಹೆಂಗಸರ ಕೆಲಸ ನೋಡಿಕೊಳ್ಳುವ ದರ್ಜೆಗಾರ ರಾಚಪ್ಪನ ಪುಟ.

ಎರಡು ವರ್ಷದ ಹಿಂದೆ ರಾಚಪ್ಪ ಇದೇ ಕೋಠಿಯಲ್ಲಿ ಅವಳ ಅವ್ವ ಕಲ್ಲವ್ವನನ್ನು ನಿಲ್ಲಿಸಿ, ಕಾಯಿ ಕದ್ದಿದ್ದೀಯೆಂದು ಎಲ್ಲರೆದುರು ಉಡಿ ಝಾಡಿಸಿದ್ದ. ಬಿದ್ದದ್ದು ಅರ್ಧ ರೊಟ್ಟಿ. ಮುತ್ತೈದೆಯ ಉಡಿ ತುಂಬುವಂಥದ್ದು, ಝಾಡಿಸುವಂಥದ್ದಲ್ಲ. ಕಲ್ಲವ್ವ ಅಂದಿನಿಂದ ಕೋಠಿಗೆ ಕಾಲಿಡಲಿಲ್ಲ. ಮಗಳ ಮದುವೆಯಲ್ಲೂ ಉಡಿ ತುಂಬಿಸಿಕೊಳ್ಳಲಿಲ್ಲ.

ದುಂಡವ್ವ ನಡೆದದ್ದನ್ನು ನಡೆದಂತೆ ಬರೆದು ಮೇಲೆ ಅರ್ಧ ರೊಟ್ಟಿಯ ಚಿತ್ರ ಇಟ್ಟಳು. ಮೂರನೆಯ ದಿನಕ್ಕೆ ನಲವತ್ತು ಸಾವಿರ ಓದುಗರು. ‘ಇವನ ಮುಖ ನೋಡಬಾರದು’ ಎಂದು ಯಾರೋ ಬರೆದಿದ್ದರು.

“ಮಾವಾರ, ಹುಬ್ಬಳ್ಳಿತನಕ ಹೆಸರಾತಲ್ರಿ!” ಎಂದು ಹೆಂಗಸರು ರಾಚಪ್ಪನನ್ನು ಕೆಣಕಿದರು.

ರಾಚಪ್ಪ ತನ್ನ ಮೊಬೈಲಿನಲ್ಲಿ ನೋಡಿದ. ಸಂತೆಗೆ ಹೋಗುವುದನ್ನು ಬಿಟ್ಟ. ಮಗನಿಗೆ ಹೆಣ್ಣು ನೋಡುವುದನ್ನು ಮುಂದೂಡಿದ.

ವಾರದ ಬಳಿಕ ವತ್ಸಲಾ ಬಂದರು. ಪುಟ ಓದಿ ದುಂಡವ್ವನನ್ನು ಹೊರಗೆ ಕರೆದರು.

“ಪೆಟ್ಟಿಗೆಯ ಪುಟ ಈ ಗೋಡೆ ದಾಟೋದಿಲ್ಲ, ದುಂಡವ್ವ. ಕಲಿಯೋರ ತಪ್ಪು ಹೊರಗೆ ಕಾಣಬಾರದು ಅಂತ ಹಾಗೆ ಮಾಡಿದ್ದು.”

“ಮತ್ತ ನಲವತ್ತು ಸಾವಿರ ಮಂದಿ?”

“ತೋರಿಕೆ ಓದುಗರು. ಹುರುಪು ಬರಲಿ ಅಂತ ಪೆಟ್ಟಿಗೇನೇ ಹುಟ್ಟಿಸುತ್ತೆ. ಮೊದಲ ದಿನವೇ ಹೇಳಿದ್ದೆ.”

“ಅವತ್ತು ನಾ ಅವ್ವನ ಕರಕೊಂಡು ಕಣ್ಣಿನ ದವಾಖಾನಿಗೆ ಹೋಗಿದ್ನಿ. ಖರೇ ಮಂದಿ ಎಷ್ಟು ಓದ್ಯಾರ್ರಿ?”

“ಇಲ್ಲಿಯ ಇಪ್ಪತ್ತೊಂದು ಹೆಂಗಸರು. ಆಮೇಲೆ ರಾಚಪ್ಪ. ಅವರೊಬ್ಬರೇ ಇನ್ನೂರು ಸಲ ತೆರೆದಿದ್ದಾರೆ. ಪಾಪ, ಅವರಿಗೆ ನಿಜ ಹೇಳಿಬಿಡ್ತೀನಿ.”

“ನಮ್ಮವ್ವನೂ ಜಗತ್ತೆಲ್ಲ ತನ್ನ ನೋಡಾಕತ್ತೈತಿ ಅಂತನ ಒಳಗ ಕುಂತಾಳ. ಆಕಿಗೆ ಯಾರು ಹೇಳಿದ್ರು ಅಕ್ಕಾರ?”

ವತ್ಸಲಾ ರಾಚಪ್ಪನಿಗೆ ನಿಜ ಹೇಳದೆಯೇ ಹೊರಟುಹೋದರು.

ಮರುದಿನ ರಾಚಪ್ಪ ಹೆಂಡತಿಯೊಡನೆ ಕಲ್ಲವ್ವನ ಬಾಗಿಲಿಗೆ ಹೋಗಿ, ಕೈಮುಗಿದು, ಅವಳನ್ನು ಕೋಠಿಗೆ ಕರೆತಂದ. ಅವನ ಹೆಂಡತಿ ಎಲ್ಲರೆದುರು ಅಕ್ಕಿ, ಕೊಬ್ಬರಿ, ಕುಬಸದ ಬಟ್ಟೆ ಇಟ್ಟು ಉಡಿ ತುಂಬಿದಳು.

“ಇನ್ನ ಆ ಪುಟ ತಗಿಯವ್ವ,” ಎಂದು ರಾಚಪ್ಪ ದುಂಡವ್ವನಿಗೆ ಹೇಳಿದ. ಅವಳ ಬೆರಳು ಅಳಿಸುವ ಗುಂಡಿಯ ಮೇಲೆ ಬಂದಿತ್ತು.

ಅಷ್ಟರಲ್ಲಿ ಕಲ್ಲವ್ವ ಎದ್ದು ರಾಚಪ್ಪನ ಮುಂದೆ ನಿಂತಳು. ಸೆರಗಿನ ಎರಡೂ ತುದಿ ಹಿಡಿದು, ತುಂಬಿದ ಉಡಿಯನ್ನು ಅವನ ಕಾಲ ಬಳಿ ಝಾಡಿಸಿದಳು. ಅಕ್ಕಿ ಚೆಲ್ಲಿತು, ಕೊಬ್ಬರಿ ಉರುಳಿತು.

“ನೋಡ್ಕೋ ರಾಚಪ್ಪ. ಇದರಾಗ ನಿನ್ನ ಕಾಯಿ ಅದಾವೇನು?”

ಕಲ್ಲವ್ವ ಸೆರಗು ಸರಿಮಾಡಿಕೊಂಡು, ಎರಡು ವರ್ಷದ ಮೇಲೆ ರಾಶಿಯ ಮುಂದೆ ಕುಳಿತು ತೊಟ್ಟು ಮುರಿಯತೊಡಗಿದಳು.

ದುಂಡವ್ವ ಮೊಬೈಲನ್ನು ಹಾಗೆಯೇ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಓದುಗರು ನಲವತ್ತೊಂದು ಸಾವಿರವಾಗಿದ್ದರು.