ಕಾಣೆಯಾದ ಕಾರ್ಬುರೇಟರ್

"ಸ್ಪ್ಯಾನರ್ ಕೆಳಗಿಡ್ರಿ. ಮೊದ್ಲು ನೀವ್ಯಾರು, ಹೇಳ್ರಿ."

ದುರ್ಗಾಂಬಿಕಾಳ ದನಿಗೆ ಆ ಯುವಕ ತಟ್ಟನೆ ಸ್ಪ್ಯಾನರ್ ಕೆಳಗಿಟ್ಟ. ಹೆಸರು ಓಂಕಾರ್, ಊರು ಜಗಳೂರು. ತಂದೆ ಗಾದ್ರಪ್ಪನ ಜೊತೆ ಪಂಪ್‌ಸೆಟ್ ಎಂಜಿನ್ ರಿಪೇರಿ ಮಾಡುತ್ತಿದ್ದನಂತೆ. ಬೈಕಿನ ಕೆಲಸ ಕಲಿಯಲು ಹೊನ್ನಾಳಿಯ ಈ ಗ್ಯಾರೇಜಿಗೆ ಬಂದಿದ್ದನಂತೆ.

ಕಲಿಯಲು... ಆ ಮಾತು ಕೇಳಿದರೇ ಅವಳಿಗೆ ಉರಿಯುತ್ತಿತ್ತು. ಅಪ್ಪ ರಂಗಣ್ಣ ಸ್ವಂತ ಮಗನ ಹಾಗೆ ನೋಡಿಕೊಂಡು ಕೆಲಸ ಕಲಿಸಿದ್ದ ಪರಮೇಶ್, ಅಪ್ಪನಿಗೆ ಲಕ್ವ ಹೊಡೆದು ಬಲಗೈ ಸ್ವಾಧೀನ ತಪ್ಪಿದ ಮೇಲೆ ಎದುರು ಸಾಲಿನಲ್ಲೇ ಅಂಗಡಿ ತೆರೆದು ಗಿರಾಕಿಗಳನ್ನೆಲ್ಲ ಎಳೆದುಕೊಂಡಿದ್ದ. ಅಪ್ಪ ಅಂದಿನಿಂದ ಗ್ಯಾರೇಜಿಗೆ ಕಾಲಿಟ್ಟಿರಲಿಲ್ಲ. ಚಿಕ್ಕಂದಿನಲ್ಲಿ ಅಪ್ಪನಿಂದ ಕಲಿತ ಕೆಲಸದಿಂದಲೇ ಅವಳು ಮನೆ ನಡೆಸುತ್ತಿದ್ದಳು.

ಆದರೂ ಈ ಹುಡುಗನಿಗೆ ಕಲಿಸು ಎಂದು ಅಪ್ಪ ಹಟ ಹಿಡಿದ. ಓಂಕಾರ್ ಉಳಿದುಕೊಂಡ.

ಅವಳು ಕಲಿಸಿದಳು, ಆದರೆ ಅರ್ಧ ಮಾತ್ರ. ಅವನದು ಮಾತು ಕಡಿಮೆ, ಕೆಲಸ ಚುರುಕು. ಅದೇ ಅವಳಿಗೆ ಅನುಮಾನ. ಅವನು ನಕ್ಕಾಗ ತನ್ನ ಎದೆ ಯಾಕೆ ಹಗುರಾಗುತ್ತದೆ ಎಂದು ತನ್ನ ಮೇಲೂ ಅನುಮಾನ!

ಒಂದು ದಿನ ಕಪಾಟಿನಲ್ಲಿದ್ದ ಹಳೆಯ ಕಾರ್ಬುರೇಟರ್ ಕಾಣೆಯಾಯಿತು. ಅಪ್ಪ ಅವಳಿಗೆ ಮೊದಲು ಬಿಚ್ಚಲು ಕಲಿಸಿದ್ದು ಅದನ್ನೇ. ಅವಳು ಏನೂ ಕೇಳದೆ ಕಾದಳು. ಬಿಡಿಭಾಗ ತರಲು ಚನ್ನಗಿರಿಗೆ ಹೊರಟವಳು ಅನುಮಾನ ತಡೆಯದೆ ಅರ್ಧದಾರಿಯಿಂದಲೇ ವಾಪಸ್ಸಾದಾಗ, ಓಂಕಾರ್ ಅವಳ ಮನೆಯ ಹಿತ್ತಲ ಬಾಗಿಲಿನಿಂದ ಹೊರಬರುತ್ತಿದ್ದ. ಕೈಯಲ್ಲಿ ಅದೇ ಕಾರ್ಬುರೇಟರ್.

"ನೀವೂ ಪರಮೇಶನ ಥರದೋರೇ..." ಅವಳು ಅದನ್ನು ಕಸಿದುಕೊಂಡಳು.

"ಕದ್ದಿಲ್ಲ ರೀ. ಅದಕ್ಕಿಂತ ಹೆಚ್ಚಿಗೆ ಕೇಳಬೇಡ್ರಿ. ಮಾತು ಕೊಟ್ಟೀನಿ."

ಹಾಗಾದರೆ ನಾಳೆಯಿಂದ ಬರಬೇಡಿ ಎಂದಳು. ಅವನು ತಲೆ ತಗ್ಗಿಸಿ ಹೋದ.

ಮರುದಿನ ಗ್ಯಾರೇಜಿನ ಬಾಗಿಲಲ್ಲಿ ಅಪ್ಪ! ಕೋಲೂರಿಕೊಂಡು ಬಂದು ಕುಳಿತ. ಅವಳು ಕಪಾಟಿಗೆ ಮರಳಿಸಿದ್ದ ಆ ಕಾರ್ಬುರೇಟರನ್ನು ತೆಗೆದು ಮೊಣಕಾಲ ನಡುವೆ ಸಿಕ್ಕಿಸಿಕೊಂಡು ನಡುಗುವ ಎಡಗೈಯಿಂದ ಒಂದೊಂದೇ ಸ್ಕ್ರೂ ಬಿಚ್ಚಿದ. ಒಂದು ಕೆಳಗೆ ಬಿತ್ತು. ಅವಳು ಬಗ್ಗಹೋದರೆ ಬೇಡವೆಂದು ತಾನೇ ಎತ್ತಿಕೊಂಡ.

"ನಾನೇ ತರಿಸ್ಕೊಂಡಿದ್ದವ್ವ. ಎಡಗೈಲಿ ಕೆಲಸ ಮಾಡಾಕೆ ಕಲೀತಿದ್ದೆ, ಅವನು ಜೊತೆಗಿದ್ದ. ನಿನಗೆ ಕಲಿಸಿದೋನು ಹಿಂಗೆ ತಡವರಿಸೋದನ್ನ ನೀನು ನೋಡಬಾರ್ದು ಅಂತ ನಾನೇ ಮಾತು ತಗೊಂಡಿದ್ದೆ."

ಅವಳು ಅಪ್ಪನ ಎಡಗೈ ಹಿಡಿದು ಬಿಕ್ಕಿದಳು. ಎಷ್ಟು ಸುಲಭವಾಗಿ ಕಳ್ಳನೆಂದುಬಿಟ್ಟೆ...

ಅಪ್ಪನನ್ನು ಗ್ಯಾರೇಜಿನಲ್ಲಿ ಕೂರಿಸಿ, ದಾವಣಗೆರೆ ಬಸ್ಸು ಹತ್ತಿ, ಅಲ್ಲಿಂದ ಜಗಳೂರು ಸೇರುವಾಗ ಮಧ್ಯಾಹ್ನವಾಗಿತ್ತು. ಓಂಕಾರ್ ತಂದೆಯ ಅಂಗಡಿಯಲ್ಲಿ ಪಂಪ್‌ಸೆಟ್ ಎಂಜಿನ್ ಬಿಚ್ಚುತ್ತಿದ್ದ. ಅವಳನ್ನು ಕಂಡು ಎದ್ದು ನಿಂತ.

"ರಂಗಣ್ಣ ಕಳ್ಸಿದ್ರಾ?"

"ಇಲ್ಲ. ನಾನೇ ಬಂದೆ. ತಪ್ಪಾತು... ವಾಪಸ್ ಬರ್ರಿ. ನಾನು ಅರ್ಧ ಮಾತ್ರ ಕಲಿಸಿದ್ದೆ. ಉಳಿದಿದ್ದೂ ಕಲಿಸ್ತೀನಿ."

"ಅರ್ಧ ಅಂತ ನನಗೂ ಗೊತ್ತಿತ್ತು."

"ಗೊತ್ತಿದ್ದೂ ಯಾಕೆ ಇದ್ರಿ?"

ಅವನು ಎಣ್ಣೆ ಮೆತ್ತಿದ ಕೈಗಳನ್ನೇ ನೋಡಿಕೊಂಡ. "ಕೆಲಸ ಕಲಿಯಾಕೆ ಅಂತ ಬಂದಿದ್ದು ನಿಜ. ಆಮೇಲೆ ದಿನಾ ನಿಮ್ಮನ್ನ ನೋಡಾಕೆ ಬರ್ತಿದ್ದೆ."

ಅವಳ ಕಣ್ಣು ತುಂಬಿತು. "ಹಂಗಾದ್ರೆ... ಕಲಿಯೋದು ಮುಗಿದ ಮೇಲೂ ಹೋಗಬಾರ್ದು."

"ಮುಗೀತು ಅಂತ ಹೇಳಬೇಕಾದೋರು ನೀವೇ ಅಲ್ವಾ?" ಅವನು ಮೆಲ್ಲಗೆ ಅಂದ. "ಹೇಳಲೇಬೇಡ್ರಿ."