ಎಡಗಡೆಯ ಮುಖ

ಹಂಚಿನ ಮೇಲೆ ರೊಟ್ಟಿ ಉಬ್ಬುತ್ತಿತ್ತು. ಪಕ್ಕದ ಮನೆಯ ಸರ್ದಾರಬಿ ಬಾಗಿಲಿಗೆ ಬಂದು ನಿಂತಳು.

"ಅಂಬಿಕಾ, ರೊಟ್ಟಿ ಬಿಡು. ಹೊರಗ ಬಾ ಬೇ."

ಹಿಟ್ಟಿನ ಕೈಯಲ್ಲೇ ಅಂಬಿಕಾ ರಸ್ತೆಗೆ ಬಂದಳು. ಸಿಂಧನೂರಿಗೆ ಹೊರಟ ಅಮೀನ್‌ಸಾಬ್‌ನ ಆಟೊ ನಿಂತಿತ್ತು. ಅದರ ಬೆನ್ನಿಗೆ ಹೊಸ ಜಾಹೀರಾತು. ಒಂದು ಕ್ರೀಮು, ಎರಡು ಮುಖ. ಬಲಗಡೆ ಹಾಲಿನ ಬಣ್ಣದ ಯಾವುದೋ ಹುಡುಗಿ, ಕೆಳಗೆ 'ಹಚ್ಚಿದ ನಂತರ'. ಎಡಗಡೆ 'ಹಚ್ಚುವ ಮೊದಲು'...

ಎಡಗಡೆ ಅವಳೇ ಇದ್ದಳು.

ನಗುತ್ತಿದ್ದಳು. ಆ ನಗು ಯಾರನ್ನು ನೋಡಿ ನಕ್ಕದ್ದು ಅಂತ ಅವಳಿಗೊಬ್ಬಳಿಗೇ ಗೊತ್ತಿತ್ತು.

ಹಿಂದೆಯೇ ಬಂದಿದ್ದ ಮಗಳು ದೀಪಾ ಅಕ್ಷರ ಕೂಡಿಸಿ ಕೂಡಿಸಿ ಓದಿದಳು. ಓದಿ ಅವ್ವನ ಮುಖ ನೋಡಿದಳು. ಏನೋ ಕೇಳಲು ಬಾಯಿ ತೆರೆದಳು... ಮುಚ್ಚಿಕೊಂಡಳು.

ಒಳಗೆ ರೊಟ್ಟಿ ಸೀದು ಕರಕಾಗಿತ್ತು.

ಗಂಗಾಧರ ಲಿಂಗಸುಗೂರಿನ ಕಾಲೇಜಿನಲ್ಲಿ ಕಾಮರ್ಸ್ ಮೇಷ್ಟ್ರು. ಜಾಹೀರಾತು ನೋಡಿ ಹೆಣ್ಣುಮಕ್ಕಳು ಏನು ನಂಬುತ್ತಾರೆ, ಏನು ಕೊಳ್ಳುತ್ತಾರೆ ಎಂಬುದು ಅವನ ಸಂಶೋಧನೆ. ಮಸ್ಕಿಯ ಬಜಾರಿನಲ್ಲಿ ಅಂಬಿಕಾಳ ಫ್ಯಾನ್ಸಿ ಅಂಗಡಿಗೆ ಅವನು ಮೊದಲ ಸಲ ಬಂದದ್ದೂ ಅದಕ್ಕೇ. ಗಂಡ ತೀರಿಕೊಂಡ ಮೇಲೆ ಬಳೆ, ರಿಬ್ಬನ್, ಕ್ರೀಮು ಮಾರಿ ಮಗಳನ್ನು ಸಾಕುತ್ತಿದ್ದವಳು ಅವಳು. ಏನೂ ಕೊಳ್ಳದೆ ನಿಂತೇ ಇದ್ದವನನ್ನು ನೋಡಿ, ಬೆಳ್ಳಗಾಗುವ ಕ್ರೀಮು ಹೆಂಡತಿಗೋ ನಿಮಗೋ ಅಂತ ಕೇಳಿಬಿಟ್ಟಿದ್ದಳು. ಹೆಂಡತಿ ಇನ್ನೂ ಸಿಕ್ಕಿಲ್ಲ ಎನ್ನುವಾಗ ಅವನ ಕಿವಿಗಳು ಕೆಂಪಾಗಿದ್ದವು.

ಆಮೇಲೆ ಅವನು ಬರುತ್ತಲೇ ಇದ್ದ. ಕೇಳಬೇಕಾದ ಪ್ರಶ್ನೆಗಳೆಲ್ಲ ಮುಗಿದ ಮೇಲೂ ಬಂದ.

ಒಂದು ಸಂಜೆ, ಸಂಶೋಧನೆಗೆ ನಿಮ್ಮದೊಂದು ಫೋಟೊ ಬೇಕು ಅಂದ. ಜಾಹೀರಾತಿನಂಥ ಹಾಳೆ ಅಚ್ಚು ಹಾಕಿಸಿ ಹೆಣ್ಣುಮಕ್ಕಳಿಗೆ ತೋರಿಸುತ್ತಾನಂತೆ, ಯಾವ ಮುಖವನ್ನು ನಂಬುತ್ತಾರೆ ಅಂತ ನೋಡುತ್ತಾನಂತೆ. ನನ್ನ ಮುಖ ಎಲ್ಲಿರುತ್ತದೆ ಅಂದದ್ದಕ್ಕೆ, ಅಚ್ಚಾಗಿ ಬರಲಿ, ನೀವೇ ನೋಡ್ರಿ ಅಂದಿದ್ದ. ಅವಳು ನಕ್ಕಿದ್ದಳು. ಅವನು ಫೋಟೊ ತೆಗೆದಿದ್ದ.

ಆ ನಗುವನ್ನೇ ಈಗ ಆಟೊಗಳು ಊರೂರಿಗೆ ಹೊತ್ತೊಯ್ಯುತ್ತಿದ್ದವು.

ಅವತ್ತು ಮಧ್ಯಾಹ್ನವೇ ಗಂಗಾಧರ ಓಡಿ ಬಂದ. ದಾರಿಯಲ್ಲಿ ಅವನೂ ಅದನ್ನು ನೋಡಿದ್ದ.

"ಅಂಬಿಕಾ, ನಾ ಹಂಗ ಹಾಕಿಸಿದ್ದಿಲ್ಲ. ಕೇಳು..."

"ಆ ಫೋಟೊ ನಿಮ್ಮ ಕೈಯಾಗ ಬಿಟ್ರ ಮತ್ಯಾರ ಕೈಯಾಗಿತ್ತು?"

ಅವನು ತಲೆ ತಗ್ಗಿಸಿದ. ಏನೋ ಹೇಳಲು ಬಂದವನು ಅವಳ ಮುಖ ನೋಡಿ ನುಂಗಿಕೊಂಡ. ಆ ಮೌನವೇ ಅವಳಿಗೆ ಸಾಕ್ಷಿಯಾಯಿತು.

"ನನ್ನ ಬಣ್ಣ ನನಗ ಗೊತ್ತೈತ್ರಿ. ನಿಮ್ಮ ಕಣ್ಣಿಗೆ ಅದು ಕಾಣಂಗಿಲ್ಲ ಅಂದ್ಕೊಂಡಿದ್ದೆ... ಅಷ್ಟ ನನ್ನ ತಪ್ಪು."

ಶಟರ್ ಎಳೆದುಬಿಟ್ಟಳು.

ಊರು ಮಾತ್ರ ಬಾಯಿ ಮುಚ್ಚಲಿಲ್ಲ. ಅಂಗಡಿಗೆ ಬಂದವರು ಅವಳ ಕೈಯಿಂದಲೇ ಆ ಕ್ರೀಮು ಕೊಂಡರು. ಅದು ಹಿಂದೆಂದೂ ಅಷ್ಟು ಖರ್ಚಾಗಿರಲಿಲ್ಲ. "ಮನಿ ತುಂಬ ಕ್ರೀಮು ಇಟ್ಕೊಂಡು ನೀ ಯಾಕ ಹಿಂಗ ಉಳದಿ ಅಕ್ಕಾ?" ಅಂತ ಒಬ್ಬಳು ಕೇಳಿದಳು. ಜೊತೆಯವಳು ಸೆರಗು ಬಾಯಿಗಿಟ್ಟು ನಕ್ಕಳು. ಅಂಬಿಕಾ ಚಿಲ್ಲರೆ ಕೊಟ್ಟು ಕಳಿಸಿದಳು.

ಶಾಲೆಯಲ್ಲಿ ದೀಪಾಗೆ ಹೊಸ ಹೆಸರು ಬಿದ್ದಿತ್ತು. 'ಮೊದಲು'. ಹಾಜರಿಯ ಹೊತ್ತಿನಲ್ಲೂ ಹಿಂದಿನ ಬೆಂಚಿನಿಂದ ಅದೇ ಕೂಗು. ಮನೆಯಲ್ಲಿ ಅವಳು ಹೇಳಲಿಲ್ಲ. ಇಂಥದ್ದನ್ನು ಮಕ್ಕಳು ಹೇಳುವುದಿಲ್ಲ, ತಾವೇ ಏನೋ ಒಂದು ದಾರಿ ಹುಡುಕಿಕೊಳ್ಳುತ್ತವೆ.

ಒಂದು ಬೆಳಗ್ಗೆ ಬಚ್ಚಲಿಗೆ ಹೋದ ಕೂಸು ಎಷ್ಟು ಹೊತ್ತಾದರೂ ಬರಲಿಲ್ಲ. ಅಂಬಿಕಾ ಬಾಗಿಲು ತಳ್ಳಿದಳು. ಹಿಮ್ಮಡಿ ತಿಕ್ಕುವ ಕಲ್ಲಿನಿಂದ ಎರಡೂ ಕೆನ್ನೆ ಉಜ್ಜಿಕೊಂಡು, ರಕ್ತ ಜಿನುಗುವ ಗಾಯದ ಮೇಲೆ ದೀಪಾ ಕ್ರೀಮು ಮೆತ್ತಿಕೊಳ್ಳುತ್ತಿದ್ದಳು. ಅಳುತ್ತಿರಲಿಲ್ಲ. ಅವ್ವನನ್ನು ನೋಡಿ ಬಾಯಿ ತೆರೆದಳು... ಮತ್ತೆ ಮುಚ್ಚಿಕೊಂಡಳು.

ಅಂಬಿಕಾ ಗಾಯ ತೊಳೆದಳು, ಕೊಬ್ಬರಿ ಎಣ್ಣೆ ಹಚ್ಚಿದಳು. ಮಗಳ ಕೈ ಹಿಡಿದು ಸೀದಾ ಅಮೀನ್‌ಸಾಬ್‌ನ ಆಟೊ ಹತ್ತಿದಳು. ತನ್ನ ಆಟೊದ ಜಾಹೀರಾತನ್ನು ಅವನು ಎಂದೋ ಕಿತ್ತು ಹಾಕಿದ್ದ. ಅದು ಅಚ್ಚಾದ ಸಿಂಧನೂರಿನ ಪ್ರೆಸ್ಸಿನ ಮುಂದೆಯೇ ಇಳಿಸಿದ.

ಪ್ರೆಸ್ಸಿನ ವೀರೇಶ ಅವಳನ್ನು ಕಂಡೊಡನೆ ಎದ್ದು ನಿಂತ.

"ಬರ್ರಿ, ನಮ್ಮ ಮಾಡೆಲ್ ಬಂದ್ರು."

ನನ್ನನ್ನು ಆ ಕಡೆ ಹಾಕು ಅಂತ ಯಾರು ಹೇಳಿದರು ಅಂತ ಅವಳು ಕೇಳಿದಳು.

"ಯಾರೂ ಹೇಳಿಲ್ಲರಿ, ನಾನ ಸರಿ ಮಾಡಿದೆ. ಆ ಮೇಷ್ಟ್ರು ಉಲ್ಟಾ ಕೊಟ್ಟಿದ್ರು. ಬೆಳ್ಳನಾಕಿ 'ಮೊದಲು' ಅಂತ, ನೀವು 'ನಂತರ' ಅಂತ. ಅಷ್ಟು ಓದ್ಯಾರ, ಯಾವ ಮಾರಿ ಎಲ್ಲಿರಬೇಕು ತಿಳಿಯಂಗಿಲ್ಲ ನೋಡ್ರಿ."

ಆಮೇಲೇನಾಯಿತು ಅಂತ ಅಂಬಿಕಾ ಕೇಳಿದಳು.

ಸರಿ ಮಾಡಿಕೊಟ್ಟದ್ದಕ್ಕೆ ಮೇಷ್ಟ್ರು ಜಗಳ ತೆಗೆದರಂತೆ, ಹಾಳೆಯನ್ನೆಲ್ಲ ಹರಿದು ಎಸೆದು ಹೋದರಂತೆ. ಡಿಸೈನ್ ಮಾತ್ರ ಕಂಪ್ಯೂಟರಿನಲ್ಲಿ ಉಳಿಯಿತು. ಕ್ರೀಮಿನವರು ನೋಡಿ ಮೆಚ್ಚಿದರು, ಕೊಟ್ಟುಬಿಟ್ಟೆ ಅಂದ ವೀರೇಶ. ತೆಗೆಸಿ ಅಂದರೆ ತಲೆ ಅಲ್ಲಾಡಿಸಿದ. ಬಳಗಾನೂರಿನ ತನಕ ಗೋಡೆಗೋಡೆಗೂ ಹಚ್ಚಿಯಾಗಿತ್ತು, ಇನ್ನು ಮಳೆಯೇ ತೊಳೆಯಬೇಕು.

'ನಾನು ನಂತರ...' ವಾಪಸು ಬರುವಾಗ ದಾರಿಯುದ್ದಕ್ಕೂ ತನ್ನದೇ ಮುಖಗಳು ಹಿಂದೆ ಸರಿದವು. ಅವಳು ಗಂಗಾಧರನಿಗೆ ಫೋನು ಮಾಡಿ ಒಂದೇ ಮಾತು ಹೇಳಿದಳು, ಬರ್ರಿ.

ಬಂದವನು ಅಂಗಡಿಯ ಮೆಟ್ಟಿಲು ಹತ್ತಲಿಲ್ಲ. ಕೆಳಗೇ ನಿಂತ. ಸೊರಗಿದ್ದ.

"ಅವತ್ತ ಯಾಕ ಹೇಳಲಿಲ್ಲ?"

"ಪ್ರೆಸ್ಸಿನವನ ಕಣ್ಣಿಗೂ ನೀ ಎಡಕ್ಕ ಕಂಡಿ ಅಂತ ನಿನ್ನ ಮುಂದ ಹ್ಯಾಂಗ ಹೇಳಲಿ ಅಂಬಿಕಾ? ಬಾಯಿ ಬರಲಿಲ್ಲ."

"ನಿಮ್ಮ ಸಂಶೋಧನೆ ಏನಾತು?"

"ಊರ ಹೆಣ್ಣುಮಕ್ಕಳನ್ನ ಕೇಳಬೇಕಂತಿದ್ದೆ. ಕೇಳೂಕಿಂತ ಮೊದಲ ಪ್ರೆಸ್ಸಿನವನೇ ಉತ್ತರ ಕೊಟ್ಟ." ಅವನು ತಲೆ ಎತ್ತಿದ. "ನನಗ ನೀ ಬೇಕು. ದೀಪಾನೂ ಬೇಕು."

ಅಂಬಿಕಾ ಕಣ್ಣೊರೆಸಿಕೊಂಡು ಸ್ಟೂಲನ್ನು ಮುಂದಕ್ಕೆ ಸರಿಸಿದಳು.

"ಒಳಗ ಬರ್ರಿ. ಬಿಸಿಲಾಗ ನಿಂತೀರಿ."

ಬಳೆಗಳ ಸಾಲಿನ ಹಿಂದಿನಿಂದ ದೀಪಾ ಬಂದಳು. ಕೆನ್ನೆಗಳ ಮೇಲೆ ಗಾಯ ಹೆಪ್ಪುಗಟ್ಟಿತ್ತು. ಇಬ್ಬರ ನಡುವೆ ನಿಂತು ಗಂಗಾಧರನನ್ನೇ ನೋಡಿದಳು. ಬಾಯಿ ತೆರೆದಳು. ಈ ಸಲ ಮುಚ್ಚಲಿಲ್ಲ.

"ಸರ್... ನನ್ನ ಫೋಟೊ ತೆಗೆದ್ರ, ನನ್ನ ಯಾವ ಕಡೆ ಹಾಕ್ತೀರಿ?"